ಸೂರತ್ ಮತ್ತು ಸೀರತ್: ಮುಖ ನೋಡಿ ಮಣೆ ಹಾಕಿದ ಚರಿತ್ರೆ

ಕನ್ನಡದಲ್ಲಿ ‘ಮುಖ ನೋಡಿ ಮಣೆ ಹಾಕುವುದು’ ಎಂಬ ಮಾತಿದೆ. ಮನೆಗೆ ಬಂದವನ ಗುಣ ವಿಚಾರಿಸದೆ, ಮುಖ ಮತ್ತು ವೇಷ ಕಂಡು ಮರ್ಯಾದೆ ಮಾಡುವವರನ್ನು ಕುರಿತು ಹಿರಿಯರು ಆಡಿದ ಮಾತು ಇದು. ಉರ್ದುವಿನಲ್ಲಿ ಇದೇ ವಿಚಾರವನ್ನು ಹೇಳಲು ಸೂರತ್ ಮತ್ತು ಸೀರತ್ ಎಂಬ ಎರಡು ಪದಗಳನ್ನು ಜೊತೆಯಾಗಿ ಬಳಸುತ್ತೇವೆ. ಸೂರತ್ ಎಂದರೆ ರೂಪ, ಸೀರತ್ ಎಂದರೆ ನಡತೆ. ಎರಡೂ ಬೇರೆ ಬೇರೆ ಎಂದು ಬಾಯಲ್ಲಿ ಎಲ್ಲರೂ ಹೇಳುತ್ತೇವೆ. ಆದರೆ ಕೆಂಗೇರಿಯಲ್ಲಿ ಮೆಟ್ರೊ ಹತ್ತಿದವರು ಯಾರ ಪಕ್ಕದ ಸೀಟಿನಲ್ಲಿ ಕೂರುತ್ತಾರೆ, ಅಂಗಡಿಯವನು ಯಾರಿಗೆ ಸಾಲ ಬರೆದುಕೊಳ್ಳುತ್ತಾನೆ, ಮನೆ ಮಾಲೀಕರು ಯಾರಿಗೆ ಬಾಡಿಗೆ ಕೊಡುತ್ತಾರೆ ಎಂಬುದನ್ನು ಗಮನಿಸಿದರೆ, ಬಾಯಿ ಹೇಳುವುದನ್ನು ಕಣ್ಣು ಕೇಳುವುದಿಲ್ಲ ಎಂದು ತಿಳಿಯುತ್ತದೆ.

ಒಬ್ಬ ಮನುಷ್ಯನ ಮುಖ ಕಂಡಾಗ ನಮ್ಮ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇವನು ಯಾರು ಎಂಬುದು ಮೊದಲನೆಯದು. ಇವನು ಎಂಥವನು, ನಂಬಬಹುದೇ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಮುಖವು ಬಹುಮಟ್ಟಿಗೆ ಸರಿಯಾದ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಕೊಡುವ ಶಕ್ತಿ ಅದಕ್ಕಿಲ್ಲ. ಈ ಎರಡನ್ನೂ ಬೆರೆಸಿದಾಗಲೆಲ್ಲ ಮನುಷ್ಯರಿಗೆ ಅನ್ಯಾಯವಾಗಿದೆ. ನಮ್ಮ ನಾಡಿನ ಮತ್ತು ಹೊರನಾಡಿನ ಚರಿತ್ರೆಯಿಂದ ಇದಕ್ಕೆ ಕೆಲವು ಸಾಕ್ಷಿಗಳನ್ನು ಸಂಘದ ಸದಸ್ಯರ ಮತ್ತು ವಿದ್ಯಾರ್ಥಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಚಹರೆ ಎಂಬ ಪದದ ಕಥೆ

ಕನ್ನಡ ಪತ್ರಿಕೆಗಳಲ್ಲಿ ಕಾಣೆಯಾದವರ ಬಗ್ಗೆ ಪೊಲೀಸರ ಪ್ರಕಟಣೆ ಬರುವುದನ್ನು ನೀವು ಓದಿರಬಹುದು. ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೆನ್ನೆಯ ಮೇಲೆ ಮಚ್ಚೆ ಎಂದು ಬರೆದು ಅದಕ್ಕೆ ‘ಚಹರೆ’ ಎಂದು ಹೆಸರು ಕೊಟ್ಟಿರುತ್ತಾರೆ. ಈ ಚಹರೆ ಎಂಬುದು ಪಾರ್ಸಿಯ ‘ಚೆಹ್ರಾ’ ಎಂಬ ಪದ. ಉರ್ದುವಿನಲ್ಲಿ ಇಂದಿಗೂ ಮುಖಕ್ಕೆ ಅದೇ ಹೆಸರು. ಕಚೇರಿ, ದಫ್ತರ, ಜಮೀನು, ಅರ್ಜಿ ಮುಂತಾದ ಪದಗಳಂತೆ ಇದೂ ಆಡಳಿತದ ದಾರಿಯಿಂದ ಕನ್ನಡಕ್ಕೆ ಬಂದು ಕನ್ನಡದ್ದೇ ಆಗಿಬಿಟ್ಟಿದೆ.

ಮೊಗಲರ ಸೈನ್ಯದಲ್ಲಿ ಚೆಹ್ರಾ ಎಂದರೆ ಒಂದು ದಾಖಲೆಯೂ ಆಗಿತ್ತು. ಅಕ್ಬರನ ಕಾಲದಲ್ಲಿ ಪ್ರತಿಯೊಬ್ಬ ಸವಾರನ ಹೆಸರು, ತಂದೆಯ ಹೆಸರು, ಊರು, ಮೈಬಣ್ಣ, ಹಣೆ, ಹುಬ್ಬು, ಮೂಗು, ಗಾಯದ ಗುರುತು ಎಲ್ಲವನ್ನೂ ಬರೆದಿಡುವ ಪದ್ಧತಿ ಕಟ್ಟುನಿಟ್ಟಾಯಿತು. ಅವನ ಕುದುರೆಗೆ ‘ದಾಗ್’ ಎಂಬ ಬರೆ ಹಾಕುತ್ತಿದ್ದರು. ಮನ್ಸಬ್‌ದಾರರು ಹಾಜರಿಯ ದಿನ ಬಾಡಿಗೆಯ ಆಳುಗಳನ್ನು ನಿಲ್ಲಿಸಿ ಸಂಬಳ ಎತ್ತುವುದನ್ನು ತಡೆಯುವುದು ಇದರ ಉದ್ದೇಶ. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಆ ದಾಖಲೆ ಸಿಪಾಯಿಯನ್ನು ಗುರುತಿಸಲು ಇತ್ತೇ ಹೊರತು ಅವನು ನಿಷ್ಠಾವಂತನೋ ದ್ರೋಹಿಯೋ ಎಂದು ಹೇಳಲು ಅಲ್ಲ. ನಮ್ಮ ಪೊಲೀಸ್ ಪ್ರಕಟಣೆಯೂ ಹಾಗೆಯೇ. ಕೋಲು ಮುಖ ಎಂದು ಅದರಲ್ಲಿ ಬರೆಯುತ್ತಾರೆ. ಒಳ್ಳೆಯವನ ಮುಖ ಎಂದು ಯಾರೂ ಬರೆಯುವುದಿಲ್ಲ.

ಸಾಮುದ್ರಿಕ ಮತ್ತು ಫಿರಾಸತ್

ಆದರೆ ಮನುಷ್ಯ ಗುರುತಿನಲ್ಲಿ ತೃಪ್ತಿಪಡಲಿಲ್ಲ. ಮುಖದಲ್ಲಿ ಗುಣವನ್ನೂ ಓದಬಹುದು ಎಂದು ಎಲ್ಲ ನಾಗರಿಕತೆಗಳಲ್ಲೂ ಪಂಡಿತರು ಗ್ರಂಥಗಳನ್ನು ಬರೆದರು. ಭಾರತದಲ್ಲಿ ಇದಕ್ಕೆ ಸಾಮುದ್ರಿಕ ಶಾಸ್ತ್ರ ಎಂದು ಹೆಸರು. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಸ್ತ್ರೀಪುರುಷರ ಅಂಗಲಕ್ಷಣಗಳಿಗೆಂದೇ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಗ್ರೀಕರಲ್ಲಿ ಇಂಥ ಒಂದು ಗ್ರಂಥ ಅರಿಸ್ಟಾಟಲನ ಹೆಸರಿನಲ್ಲಿ ಪ್ರಚಾರದಲ್ಲಿತ್ತು. ಅರಬ್ಬರು ಗ್ರೀಕ್ ವಿದ್ಯೆಗಳನ್ನು ಅನುವಾದಿಸಿಕೊಂಡಾಗ ಇದೂ ಅವರಿಗೆ ದೊರೆಯಿತು. ಅದಕ್ಕೆ ಅವರು ‘ಇಲ್ಮುಲ್ ಫಿರಾಸತ್’ ಎಂದು ಹೆಸರಿಟ್ಟರು. 1210ರಲ್ಲಿ ಹೆರಾತ್‌ನಲ್ಲಿ ನಿಧನರಾದ ಮಹಾಪಂಡಿತ ಇಮಾಮ್ ಫಖ್ರುದ್ದೀನ್ ರಾಜಿಯವರೂ ‘ಕಿತಾಬುಲ್ ಫಿರಾಸತ್’ ಎಂಬ ಗ್ರಂಥ ರಚಿಸಿದರು. ಉರ್ದುವಿನಲ್ಲಿ ಇದೇ ವಿದ್ಯೆ ‘ಖಿಯಾಫಾ ಶನಾಸಿ’ ಎಂದು ಹೆಸರಾಗಿದೆ. ಸೂಫಿಗಳು ಫಿರಾಸತ್ ಎಂಬ ಪದವನ್ನು ಬೇರೆಯೇ ಅರ್ಥದಲ್ಲಿ, ಅಂದರೆ ಸಜ್ಜನನ ಹೃದಯಕ್ಕೆ ದೊರೆಯುವ ಅಂತರ್ದೃಷ್ಟಿ ಎಂದು ಬಳಸಿದ್ದಾರೆ. ಮೂಗು ಹಣೆಗಳ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನು ಮರೆಯಬಾರದು.

ಇಮಾಮ್ ಶಾಫಿ (ರ) ಅವರ ಹೆಸರಿನಲ್ಲಿ ಒಂದು ಸ್ವಾರಸ್ಯಕರ ಪ್ರಸಂಗವನ್ನು ಹೇಳುತ್ತಾರೆ. ಅವರು ಫಿರಾಸತ್ ಗ್ರಂಥಗಳನ್ನು ಹುಡುಕಿಕೊಂಡು ಯಮನ್ ದೇಶಕ್ಕೆ ಹೋಗಿದ್ದರಂತೆ. ಹಿಂದಿರುಗುವಾಗ ದಾರಿಯಲ್ಲಿ ಗ್ರಂಥಗಳ ಪ್ರಕಾರ ಅತ್ಯಂತ ಕೆಟ್ಟ ಲಕ್ಷಣಗಳಿದ್ದ ಒಬ್ಬ ಮನುಷ್ಯ ಅವರನ್ನು ಬರಮಾಡಿಕೊಂಡು ಊಟ, ಹಾಸಿಗೆ, ಪ್ರಾಣಿಗೆ ಮೇವು ಎಲ್ಲವನ್ನೂ ಪ್ರೀತಿಯಿಂದ ಒದಗಿಸಿದ. ಈ ವಿದ್ಯೆಯೇ ಸುಳ್ಳು ಎಂದುಕೊಂಡು ಇಮಾಮರು ಬೆಳಿಗ್ಗೆ ಹೊರಟು ನಿಂತಾಗ ಆತ ಒಂದೊಂದಕ್ಕೂ ಲೆಕ್ಕ ಹಾಕಿ ಹಣ ಕೇಳಿದನಂತೆ! ಗ್ರಂಥಗಳೇ ನಿಜವಾದವು ಎಂದು ಕೇಳುಗರು ನಗುತ್ತಾರೆ. ಆದರೆ ಸ್ವಲ್ಪ ಯೋಚಿಸಬೇಕು. ಆ ದಾರಿಯಲ್ಲಿ ಸುಂದರ ಮುಖದ ಎಷ್ಟು ಮಂದಿ ಪ್ರಯಾಣಿಕರಿಂದ ಹಣ ಕಿತ್ತಿರಲಿಕ್ಕಿಲ್ಲ? ಕುರೂಪಿಗಳಾದ ಎಷ್ಟು ಮಂದಿ ಒಂದು ಕಾಸೂ ಕೇಳದೆ ಊಟ ಹಾಕಿರಲಿಕ್ಕಿಲ್ಲ? ಅವರ ಕಥೆಯನ್ನು ಯಾರೂ ಹೇಳಿಕೊಂಡು ಬರಲಿಲ್ಲ. ಊಹೆ ನಿಜವಾದಾಗ ಅದು ಕಥೆಯಾಗುತ್ತದೆ, ಸುಳ್ಳಾದಾಗ ಮರೆತುಹೋಗುತ್ತದೆ. ಮುಖಶಾಸ್ತ್ರಗಳು ಸಾವಿರಾರು ವರ್ಷ ಬದುಕಿದ್ದು ಹೀಗೆಯೇ.

ಇದರ ನಷ್ಟ ಅನುಭವಿಸಿದ ವಿದ್ವಾಂಸರೂ ಇದ್ದಾರೆ. ಒಂಬತ್ತನೆಯ ಶತಮಾನದ ಬಸ್ರಾ ನಗರದ ಅಲ್ ಜಾಹಿಜ್ ಅರಬ್ಬೀ ಗದ್ಯದ ದೊಡ್ಡ ಹೆಸರು. ಪ್ರಾಣಿಗಳನ್ನು ಕುರಿತು ‘ಕಿತಾಬುಲ್ ಹಯವಾನ್’ ಬರೆದವರು. ಜಾಹಿಜ್ ಎಂದರೆ ಉಬ್ಬುಗಣ್ಣಿನವನು ಎಂದರ್ಥ. ಅಂದರೆ ಲೋಕ ಅವರನ್ನು ಕರೆದದ್ದೇ ಮುಖದ ಹೆಸರಿನಿಂದ. ಖಲೀಫಾ ಮುತವಕ್ಕಿಲ್ ತನ್ನ ಮಕ್ಕಳಿಗೆ ಪಾಠ ಹೇಳಿಸಲು ಅವರನ್ನು ಕರೆಸಿ, ಮುಖ ಕಂಡೊಡನೆ ಮನಸ್ಸು ಬದಲಿಸಿ, ಹಣ ಕೊಟ್ಟು ಹಿಂದಕ್ಕೆ ಕಳಿಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಆ ಮಕ್ಕಳು ಕಳೆದುಕೊಂಡ ಗುರು ಎಂಥವರು ಎಂಬುದು ಇಂದು ಜಗತ್ತಿಗೆ ಗೊತ್ತಿದೆ.

ಯುರೋಪಿನಲ್ಲಿ ಮುಖದ ಹುಚ್ಚು

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ನಂಬಿಕೆ ಯುರೋಪಿನಲ್ಲಿ ಒಂದು ಹುಚ್ಚಿನಂತೆ ಹರಡಿತು. ಸ್ವಿಟ್ಜರ್ಲೆಂಡಿನ ಪಾದ್ರಿ ಲಾವಾಟರ್ 1775ರಿಂದ 1778ರವರೆಗೆ ನಾಲ್ಕು ದೊಡ್ಡ ಸಂಪುಟಗಳನ್ನು ಚಿತ್ರಸಮೇತ ಪ್ರಕಟಿಸಿದ. ಹಣೆಯ ಇಳಿಜಾರು, ಮೂಗಿನ ತುದಿ, ತುಟಿಯ ದಪ್ಪ ಇವುಗಳಿಂದ ಮನುಷ್ಯನ ಪ್ರಾಮಾಣಿಕತೆಯನ್ನು ಓದಬಹುದು ಎಂದು ಅವನ ವಾದ. 1789ರಲ್ಲಿ ಅದು ಇಂಗ್ಲಿಷಿಗೆ ಬಂದಿತು.

ಇದರಿಂದ ಜಗತ್ತಿನ ವಿಜ್ಞಾನಕ್ಕೇ ಒಂದು ಗಂಡಾಂತರ ತಪ್ಪಿತು ಎನ್ನಬೇಕು. 1831ರಲ್ಲಿ ‘ಬೀಗಲ್’ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಯುವಕ ಚಾರ್ಲ್ಸ್ ಡಾರ್ವಿನ್‌ನನ್ನು ಜೊತೆಗೆ ಕರೆದೊಯ್ಯಲು ಹಿಂಜರಿದ. ಕಾರಣ, ಡಾರ್ವಿನ್‌ನ ಮೂಗು! ಲಾವಾಟರ್‌ನ ಭಕ್ತನಾಗಿದ್ದ ಕಪ್ತಾನನಿಗೆ ಇಂಥ ಮೂಗಿನವನಲ್ಲಿ ದೂರದ ಪ್ರಯಾಣಕ್ಕೆ ಬೇಕಾದ ಛಲ ಇರಲಾರದು ಎನ್ನಿಸಿತ್ತು. ಈ ಸಂಗತಿಯನ್ನು ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ.

ಟಿಪ್ಪುವಿನ ಮುಖ ಯಾವುದು?

ಇಂಗ್ಲೆಂಡಿನ ಜನ ಲಾವಾಟರ್‌ನನ್ನು ಓದುತ್ತಿದ್ದ ಅದೇ ವರ್ಷಗಳಲ್ಲಿ ಅವರ ಬಾಯಲ್ಲಿದ್ದ ಇನ್ನೊಂದು ಹೆಸರು ಮೈಸೂರಿನ ಟಿಪ್ಪು ಸುಲ್ತಾನ್. ಲಂಡನ್ನಿನ ಆಸ್ಟ್ಲಿ ರಂಗಶಾಲೆಯಲ್ಲಿ 1790ರ ದಶಕದಲ್ಲಿ ಟಿಪ್ಪುವಿನ ಮೇಲೆ ನಾಟಕಗಳು ನಡೆದವು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಚಿತ್ರವಾಗಿ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಜನ ಹಣ ಕೊಟ್ಟು ನೋಡಿದರು. 1839ರಲ್ಲಿ ಡೇವಿಡ್ ವಿಲ್ಕಿ, ಜನರಲ್ ಬೇರ್ಡ್ ದೀಪದ ಬೆಳಕಿನಲ್ಲಿ ಟಿಪ್ಪುವಿನ ಶವವನ್ನು ಕಂಡುಕೊಳ್ಳುವ ದೃಶ್ಯವನ್ನು ಬರೆದ. ಈ ವಿಲ್ಕಿ ಟಿಪ್ಪು ಹುತಾತ್ಮನಾದಾಗ ಹದಿಮೂರು ವರ್ಷದ ಹುಡುಗ. ಭಾರತಕ್ಕೆ ಬಂದವನೂ ಅಲ್ಲ, ಟಿಪ್ಪುವನ್ನು ಕಂಡವನೂ ಅಲ್ಲ.

ಶತ್ರುವಿನ ಮುಖವನ್ನು ಹೀಗೆ ಲಂಡನ್ನಿನಲ್ಲಿ ಬರೆಯುತ್ತಿದ್ದರೂ, 1799ರ ಮೇ 4ರ ಸಂಜೆ ಕೋಟೆ ಗೆದ್ದ ಸೈನ್ಯಕ್ಕೆ ಆ ಮುಖದ ಪರಿಚಯವೇ ಇರಲಿಲ್ಲ ಎಂಬುದು ವಿಚಿತ್ರ. ಬಾಗಿಲ ಬಳಿ ಹೆಣಗಳ ರಾಶಿಯಲ್ಲಿ ಸುಲ್ತಾನ ಯಾರು ಎಂದು ತಿಳಿಯಲು ಕೋಟೆಯ ಕಿಲ್ಲೇದಾರ ಮತ್ತು ಟಿಪ್ಪುವಿನ ಗಾಯಗೊಂಡ ಸೇವಕನೇ ಬೇಕಾದರು. ಆಗ ಅಲ್ಲಿದ್ದ ಮೇಜರ್ ಆಲನ್ ಕಂಡದ್ದನ್ನು ಬರೆದಿಟ್ಟಿದ್ದಾನೆ. ಸುಮಾರು ಐದು ಅಡಿ ಎಂಟು ಅಂಗುಲ ಎತ್ತರ, ಗಿಡ್ಡ ಕುತ್ತಿಗೆ, ಸ್ವಲ್ಪ ಸ್ಥೂಲ ದೇಹ, ಚಿಕ್ಕ ಕೈಕಾಲು, ದೊಡ್ಡ ಕಣ್ಣು, ಬಾಗಿದ ಹುಬ್ಬು, ಬಾಗಿದ ಮೂಗು ಎಂಬುದು ಅವನ ವಿವರಣೆಯ ಸಾರ. ಆ ಮುಖದಲ್ಲಿ ಸಾಮಾನ್ಯರಲ್ಲಿ ಕಾಣದ ಒಂದು ಗಾಂಭೀರ್ಯವಿತ್ತು ಎಂದೂ ಅವನು ಸೇರಿಸಿದ್ದಾನೆ. ಕಣ್ಣಾರೆ ಕಂಡ ಶತ್ರುವಿಗೆ ಗಾಂಭೀರ್ಯ ಕಂಡಿತು; ಕಾಣದೆ ಬರೆದವರಿಗೆ ಬೇಕಾದದ್ದು ಕಂಡಿತು.

ಇತ್ತ ನಮ್ಮ ಕಡೆಯ ಚಿತ್ರವನ್ನೂ ನೋಡಬೇಕು. ಶಾಲಾ ಪ್ರವಾಸದಲ್ಲಿ ಮೈಸೂರು ರಸ್ತೆ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋಗುವ ನಮ್ಮ ಮಕ್ಕಳು 1784ರಲ್ಲಿ ಕಟ್ಟಿದ ದರಿಯಾ ದೌಲತ್‌ನ ಗೋಡೆಯ ಮುಂದೆ ನಿಲ್ಲುತ್ತಾರೆ. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧದ ಚಿತ್ರ ಅಲ್ಲಿದೆ. ಹೈದರ್ ಮತ್ತು ಟಿಪ್ಪು ಮೆರವಣಿಗೆಗೆ ಬಂದವರಂತೆ ನೆಮ್ಮದಿಯಾಗಿದ್ದಾರೆ. ಇಂಗ್ಲಿಷ್ ಸಿಪಾಯಿಗಳ ಮುಖಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯೊಳಗೆ ಬಾಯಿಗೆ ಬೆರಳಿಟ್ಟು ಕುಳಿತಿದ್ದಾನೆ. ಅಂದರೆ ನಮ್ಮ ಕಲಾವಿದನೂ ತನ್ನವರಿಗೆ ಧೈರ್ಯದ ಮುಖವನ್ನೂ ಎದುರಾಳಿಗೆ ಪುಕ್ಕಲು ಮುಖವನ್ನೂ ಕೊಟ್ಟ. ಅದೂ ಅಲ್ಲದೆ ಆ ಚಿತ್ರಗಳು ಒಮ್ಮೆ ಅಳಿಸಿಹೋಗಿ, ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿಯ ಕಾಲದಲ್ಲಿ ಮತ್ತು ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಪುನಃ ಬಣ್ಣ ಕಂಡವು. ನಾವು ಇಂದು ಕಾಣುವ ಮುಖಗಳ ಮೇಲೆ ಎಷ್ಟು ಕೈಗಳು ಆಡಿವೆ ಎಂಬುದನ್ನು ನೆನಪಿಡಬೇಕು. ಇನ್ನು 1990ರ ದೂರದರ್ಶನ ಧಾರಾವಾಹಿ ನೋಡಿದ ಹಿರಿಯರನ್ನು ಕೇಳಿದರೆ ಅವರ ಮನಸ್ಸಿನ ಟಿಪ್ಪುವಿಗೆ ನಟ ಸಂಜಯ್ ಖಾನ್‌ನ ಮುಖವೇ ಇದೆ.

ಹೀಗಿರುವಾಗ ಕೆಲವು ವರ್ಷಗಳಿಂದ ಮೊಬೈಲುಗಳಲ್ಲಿ ಒಂದು ಫೋಟೊ ಹರಿದಾಡುತ್ತಿದೆ. ದಪ್ಪ ಮುಖ, ಕಪ್ಪು ಬಣ್ಣ, ನರೆತ ಗಡ್ಡದ ಒಬ್ಬ ವ್ಯಕ್ತಿ. ‘ಇದೇ ಟಿಪ್ಪುವಿನ ನಿಜವಾದ ಮುಖ, ಪಠ್ಯಪುಸ್ತಕದ ಚಿತ್ರ ಸುಳ್ಳು’ ಎಂಬ ಒಕ್ಕಣೆ ಅದರ ಜೊತೆಗಿರುತ್ತದೆ. ವಾಸ್ತವದಲ್ಲಿ ಅದು ಹತ್ತೊಂಬತ್ತನೆಯ ಶತಮಾನದ ಜಾಂಜಿಬಾರ್‌ನ ದಂತ ಮತ್ತು ಗುಲಾಮರ ವ್ಯಾಪಾರಿ ಹಮದ್ ಬಿನ್ ಮುಹಮ್ಮದ್ ಅಲ್ ಮುರ್ಜಬಿಯ ಚಿತ್ರ. ಆತ 1905ರಲ್ಲಿ ಸತ್ತ. ಅವನ ಅಡ್ಡಹೆಸರು ‘ಟಿಪ್ಪು ಟಿಪ್’ ಎಂದಿದ್ದುದರಿಂದ ಈ ಗೊಂದಲ ಸಾಧ್ಯವಾಯಿತು. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಪರೀಕ್ಷಿಸಬಹುದು. ಟಿಪ್ಪು ಮಡಿದದ್ದು 1799ರಲ್ಲಿ. ಡಾಗೇರ್ ತನ್ನ ಫೋಟೊ ತಂತ್ರವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ನಡುವೆ ನಲವತ್ತು ವರ್ಷಗಳಿವೆ.

ಇಲ್ಲಿ ಟಿಪ್ಪುವಿನ ಆಳ್ವಿಕೆಯ ಗುಣದೋಷಗಳನ್ನು ಚರ್ಚಿಸುವುದು ನನ್ನ ವಿಷಯವಲ್ಲ. ಅದಕ್ಕೆ ಫರ್ಮಾನುಗಳಿವೆ, ಪತ್ರಗಳಿವೆ, ಕಂದಾಯದ ದಾಖಲೆಗಳಿವೆ, ಯುದ್ಧದ ವರದಿಗಳಿವೆ. ಹೊಗಳುವವರೂ ತೆಗಳುವವರೂ ಅಲ್ಲಿಗೇ ಹೋಗಬೇಕು. ನಾನು ಕೇಳುವುದು ಇಷ್ಟೇ. ಆ ಫೋಟೊ ಕಳಿಸುವವರು ಯಾವ ವಾದವನ್ನೂ ಮುಂದಿಡುವುದಿಲ್ಲ, ಯಾವ ದಾಖಲೆಯನ್ನೂ ಕೊಡುವುದಿಲ್ಲ. ಒಂದು ಮುಖವನ್ನು ಮಾತ್ರ ಕೊಡುತ್ತಾರೆ. ಕಪ್ಪು ಬಣ್ಣ, ದಪ್ಪ ತುಟಿ ಕಂಡರೆ ಸಾಕು, ನೋಡುವವರು ಇವನು ಕೆಟ್ಟವನು ಎಂದು ತಾವೇ ತೀರ್ಮಾನಿಸುತ್ತಾರೆ ಎಂಬ ಭರವಸೆ ಅವರಿಗಿದೆ. ಆ ಭರವಸೆ ಬಹಳ ಸಲ ಹುಸಿಯಾಗುವುದಿಲ್ಲ ಎಂಬುದೇ ದುಃಖದ ಸಂಗತಿ. ಟಿಪ್ಪು ಟಿಪ್ ಗುಲಾಮರ ವ್ಯಾಪಾರ ಮಾಡಿದ್ದು ಅವನ ಪಾಪ; ಅವನ ಬಣ್ಣ ಪಾಪವಲ್ಲ. ‘ಇದು ಟಿಪ್ಪುವಿನ ಮುಖವಲ್ಲ, ಟಿಪ್ಪು ಸುಂದರನಾಗಿದ್ದ’ ಎಂದು ಮಾತ್ರ ಉತ್ತರಿಸುವ ನಮ್ಮವರೂ ಅದೇ ತಕ್ಕಡಿಯನ್ನು ಹಿಡಿದಿರುತ್ತಾರೆ.

ಅಳತೆಪಟ್ಟಿ ಹಿಡಿದ ಸರ್ಕಾರ

ರಾಜನ ಮುಖದ ವಿಷಯ ಹೀಗಾದರೆ ಬಡವರ ಮುಖದ ವಿಷಯ ಇನ್ನೂ ಕಠಿಣವಾಗಿತ್ತು. 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೊಸೊ ಅಪರಾಧಿಗಳು ಹುಟ್ಟಿನಿಂದಲೇ ಬೇರೆ ಬಗೆಯವರು, ದವಡೆ, ಕಿವಿ, ಹಣೆಗಳಿಂದ ಅವರನ್ನು ಗುರುತಿಸಬಹುದು ಎಂದು ಗ್ರಂಥ ಬರೆದ. ಭಾರತದಲ್ಲಿ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ 1891ರಲ್ಲಿ ಬಂಗಾಳದ ಜನರ ಮೂಗುಗಳನ್ನು ಅಳೆಸಿ, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಎಂಬ ಸಿದ್ಧಾಂತ ಕಟ್ಟಿದ. ದಕ್ಷಿಣದಲ್ಲಿ ಮದರಾಸು ಮ್ಯೂಸಿಯಂನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಅಳತೆಯ ಸಲಕರಣೆ ಹಿಡಿದು ಊರೂರು ತಿರುಗಿ, 1909ರಲ್ಲಿ ರಂಗಾಚಾರಿಯವರ ಸಹಾಯದಿಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟಗಳನ್ನು ಹೊರತಂದ.

ಇದೇ ಕಾಲದಲ್ಲಿ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಜಾರಿಯಲ್ಲಿತ್ತು. 1911ರಲ್ಲಿ ಅದನ್ನು ಇನ್ನಷ್ಟು ಪ್ರಾಂತಗಳಿಗೆ ವಿಸ್ತರಿಸಿದರು. ಯಾವ ಸಮುದಾಯದಲ್ಲಿ ಹುಟ್ಟಿದ್ದಾನೆ ಎಂಬುದರಿಂದಲೇ ಒಬ್ಬನನ್ನು ಅಪರಾಧಿಯೆಂದು ಪಟ್ಟಿಗೆ ಸೇರಿಸುವ ಕಾಯಿದೆ ಅದು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ಸಮುದಾಯಗಳನ್ನು ಬೇಲಿ ಹಾಕಿದ ವಸಾಹತುಗಳಲ್ಲಿ ಇರಿಸಿದ್ದರು. ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಹೊರಗೆ ಹೋಗುವಂತಿಲ್ಲ. ಗಂಟಿಚೋರ, ಕೊರಚ ಮುಂತಾದ ಸಮುದಾಯಗಳ ಜೊತೆಗೆ ವಿಜಾಪುರ ಕಡೆಯ ಮುಸ್ಲಿಂ ಸಮುದಾಯವಾದ ಛಪ್ಪರ್‌ಬಂದರೂ ಈ ಪಟ್ಟಿಯಲ್ಲಿದ್ದರು. ಛಪ್ಪರ್‌ಬಂದ್ ಎಂದರೆ ಛಾವಣಿ ಕಟ್ಟುವವರು. ಮೊಗಲ್ ಸೈನ್ಯದ ಜೊತೆ ಬಂದು ಸಿಪಾಯಿಗಳಿಗೆ ಗುಡಿಸಲು ಹೊದಿಸುತ್ತಿದ್ದವರ ಸಂತತಿ ಎಂದು ಹೇಳುತ್ತಾರೆ. ಇವರು ಖೋಟಾ ನಾಣ್ಯ ಮಾಡುವವರು, ಫಕೀರರ ವೇಷದಲ್ಲಿ ತಿರುಗುವವರು ಎಂದು ಪೊಲೀಸ್ ಕೈಪಿಡಿಗಳು ಬರೆದವು. ಅವರಲ್ಲಿ ಕೆಲವರು ತಪ್ಪು ಮಾಡಿರಬಹುದು. ಆದರೆ ಕೈಪಿಡಿ ಓದಿದ ಪೇದೆಗೆ ಹಸಿರು ಬಟ್ಟೆ, ಉದ್ದ ಗಡ್ಡ, ಕೈಯಲ್ಲಿ ಬಟ್ಟಲು ಇರುವ ಪ್ರತಿಯೊಬ್ಬನೂ ಸಂಶಯಿತನಾಗಿ ಕಾಣದೆ ಇರುತ್ತಾನೆಯೇ? ಹುಟ್ಟಿದ ಮಗುವೂ ದೊಡ್ಡದಾದ ಮೇಲೆ ಆ ಸಂಶಯವನ್ನು ಹೊರಬೇಕಾಗಿತ್ತು. 1952ರ ಆಗಸ್ಟ್ 31ರಂದು ಸ್ವತಂತ್ರ ಭಾರತ ಆ ಕಾಯಿದೆಯನ್ನು ರದ್ದುಪಡಿಸಿತು. ಪಟ್ಟಿ ಹೋಯಿತು, ಜನರ ಕಣ್ಣಿನಲ್ಲಿದ್ದ ಪಟ್ಟಿ ಅಷ್ಟು ಬೇಗ ಹೋಗಲಿಲ್ಲ.

ಲೊಂಬ್ರೊಸೊ ಸಿದ್ಧಾಂತಕ್ಕೆ ಉತ್ತರ ಸಿಕ್ಕಿದ್ದು 1913ರಲ್ಲಿ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ವಿದ್ಯಾರ್ಥಿಗಳು, ಸೈನಿಕರು ಮುಂತಾದ ಇತರರ ಅಳತೆಗಳೊಂದಿಗೆ ಹೋಲಿಸಿದ. ಅಪರಾಧಿಯ ಮುಖ ಎಂಬ ಪ್ರತ್ಯೇಕ ಮುಖವೇ ಇಲ್ಲ ಎಂಬುದು ಅವನ ನಿರ್ಣಯವಾಗಿತ್ತು.

ಬೆರಳಚ್ಚಿನ ಅಜೀಜುಲ್ ಹಕ್

ಈ ಅಧ್ಯಾಯದಲ್ಲಿ ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಹೆಸರಿದೆ. ಅದು ಖಾಜಿ ಅಜೀಜುಲ್ ಹಕ್. 1872ರಲ್ಲಿ ಬಂಗಾಳದ ಖುಲ್ನಾ ಕಡೆ ಹುಟ್ಟಿದ ಇವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದರು. ಬಂಗಾಳ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ 1892ರಲ್ಲಿ ಇವರನ್ನು ಕೆಲಸಕ್ಕೆ ತೆಗೆದುಕೊಂಡ. ಆಗ ಕೈದಿಗಳ ತಲೆ, ಕಿವಿ, ಕೈ, ಕಾಲುಗಳನ್ನು ಅಳೆದು ಗುರುತು ಇಡುವ ಪ್ಯಾರಿಸ್‌ನ ಬರ್ಟಿಲನ್ ಪದ್ಧತಿ ನಡೆಯುತ್ತಿತ್ತು. ಅಳೆಯುವವರು ಬದಲಾದರೆ ಅಳತೆಯೂ ಬದಲಾಗುತ್ತಿತ್ತು. ಬೆರಳಚ್ಚು ಒಬ್ಬರಿಗೊಬ್ಬರದು ಬೇರೆ ಎಂದು ಗೊತ್ತಿದ್ದರೂ ಸಾವಿರಾರು ಅಚ್ಚುಗಳಲ್ಲಿ ಬೇಕಾದ ಒಂದನ್ನು ಹುಡುಕುವುದು ಹೇಗೆ ಎಂಬುದೇ ಸಮಸ್ಯೆ. ಹಕ್ ಅವರು ಹತ್ತು ಬೆರಳುಗಳ ಗೆರೆಗಳ ವಿನ್ಯಾಸಕ್ಕೆ ಅಂಕಿಗಳನ್ನು ಕೊಟ್ಟು, ಅಡ್ಡ 32 ಉದ್ದ 32, ಒಟ್ಟು 1,024 ಗೂಡುಗಳಲ್ಲಿ ಎಲ್ಲ ಅಚ್ಚುಗಳನ್ನೂ ಹಂಚಿಡುವ ಗಣಿತ ಸೂತ್ರವನ್ನು ರೂಪಿಸಿದರು. ಅವರ ಸಹೋದ್ಯೋಗಿ ಹೇಮಚಂದ್ರ ಬೋಸ್ ಈ ವಿದ್ಯೆಯನ್ನು ಮುಂದೆ ಬೆಳೆಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಆರಂಭವಾಯಿತು. 1901ರಲ್ಲಿ ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್ ಇದೇ ಪದ್ಧತಿಯನ್ನು ಅನುಸರಿಸಿತು. ಆದರೆ ಲೋಕದಲ್ಲಿ ಅದಕ್ಕೆ ‘ಹೆನ್ರಿ ಪದ್ಧತಿ’ ಎಂದೇ ಹೆಸರು. ಸರ್ಕಾರ ಬಹುಕಾಲದ ನಂತರ ಹಕ್ ಅವರಿಗೆ ಖಾನ್ ಬಹಾದ್ದೂರ್ ಬಿರುದು ಮತ್ತು 5,000 ರೂಪಾಯಿ ಗೌರವಧನ ಕೊಟ್ಟಿತು. 1935ರಲ್ಲಿ ಅವರು ನಿಧನರಾದರು.

ಬೆರಳಚ್ಚಿನ ಘನತೆ ಇರುವುದು ಅದರ ಮಿತಿಯಲ್ಲಿ. ಅದು ‘ಇವನು ಯಾರು’ ಎಂಬುದನ್ನು ಹೇಳಿ ಸುಮ್ಮನಾಗುತ್ತದೆ. ‘ಇವನು ಎಂಥವನು’ ಎಂದು ಊಹಿಸುವುದಿಲ್ಲ. ಜಾತಿ, ಬಣ್ಣ, ಮೂಗು ಯಾವುದನ್ನೂ ಕೇಳುವುದಿಲ್ಲ.

ವಿಜ್ಞಾನ ಇಂದು ಏನು ಹೇಳುತ್ತದೆ?

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಜೇನೈನ್ ವಿಲ್ಲಿಸ್ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅಪರಿಚಿತ ಮುಖವನ್ನು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಮಾತ್ರ ತೋರಿಸಿದರೂ ಜನ ನಂಬಬಹುದೇ ಇಲ್ಲವೇ ಎಂದು ತೀರ್ಮಾನಿಸಿಬಿಡುತ್ತಾರೆ. ಹೆಚ್ಚು ಸಮಯ ಕೊಟ್ಟರೆ ತೀರ್ಮಾನ ಅಷ್ಟಾಗಿ ಬದಲಾಗುವುದಿಲ್ಲ; ತಮ್ಮ ತೀರ್ಮಾನದ ಮೇಲಿನ ವಿಶ್ವಾಸ ಮಾತ್ರ ಹೆಚ್ಚುತ್ತದೆ! ಇದರ ಕಾರಣವನ್ನೂ ಅವರ ತಂಡ ಹುಡುಕಿತು. ಕೆಲವರ ಹುಬ್ಬು ಸಹಜವಾಗಿಯೇ ಕೆಳಕ್ಕೆ ಬಾಗಿರುತ್ತದೆ, ತುಟಿಯ ಅಂಚು ಇಳಿದಿರುತ್ತದೆ. ಅದು ಸ್ವಲ್ಪ ಮಟ್ಟಿಗೆ ಸಿಟ್ಟಿನ ಮುಖದಂತೆ ಕಾಣುತ್ತದೆ. ತುಟಿಯ ಅಂಚು ಮೇಲಕ್ಕಿದ್ದರೆ ನಗುಮುಖದಂತೆ ಕಾಣುತ್ತದೆ. ಆ ಕ್ಷಣದ ಸಿಟ್ಟು ಸಂತೋಷಗಳನ್ನು ಓದಲು ದೇವರು ಕೊಟ್ಟ ಕಣ್ಣನ್ನು ನಾವು ಜೀವಮಾನದ ಗುಣ ಓದಲು ಬಳಸಿ ಮೋಸಹೋಗುತ್ತೇವೆ. ನಂಬಬಹುದಾದ ಮುಖ ಯಾವುದು ಎಂಬ ವಿಷಯದಲ್ಲಿ ಜನರು ಬಹಳಷ್ಟು ಒಮ್ಮತದಿಂದ ಇರುತ್ತಾರೆ, ಆದರೆ ಆ ಒಮ್ಮತ ವ್ಯಕ್ತಿಯ ನಿಜವಾದ ನಡತೆಗೆ ಹೊಂದುವುದಿಲ್ಲ ಎಂದು 2013ರ ಒಂದು ಅಧ್ಯಯನ ತೋರಿಸಿತು.

ಇದು ಬರೀ ಪ್ರಯೋಗಶಾಲೆಯ ಮಾತಲ್ಲ. 2015ರಲ್ಲಿ ಸಂಶೋಧಕರು ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಕೊಲೆಗಾಗಿ ಶಿಕ್ಷೆಗೊಳಗಾದವರ ಫೋಟೊಗಳನ್ನು ಅಪರಿಚಿತರಿಗೆ ತೋರಿಸಿದರು. ಯಾರ ಮುಖ ನಂಬಿಕೆಗೆ ಅರ್ಹವಲ್ಲ ಎಂದು ನೋಡುಗರು ಹೇಳಿದರೋ, ಅಂಥವರಿಗೆ ಜೀವಾವಧಿಯ ಬದಲು ಮರಣದಂಡನೆ ಸಿಕ್ಕಿದ್ದು ಹೆಚ್ಚಾಗಿತ್ತು. ಮುಂದೆ ನಿರಪರಾಧಿಗಳೆಂದು ಬಿಡುಗಡೆಯಾದವರ ವಿಷಯದಲ್ಲೂ ಅದೇ ಫಲಿತಾಂಶ ಬಂದಿತು. ಹುಬ್ಬಿನ ಬಾಗು ಒಂದು ಜೀವವನ್ನು ತೂಗುವುದಾದರೆ ಇದಕ್ಕಿಂತ ಭಯಂಕರ ಯಾವುದಿದೆ?

ನಮ್ಮ ಸಿನಿಮಾಗಳಿಗೆ ಈ ಗುಟ್ಟು ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿತ್ತು. 2006ರಲ್ಲಿ ನಿಧನರಾದ ಕನ್ನಡದ ಹಿರಿಯ ನಟ ವಜ್ರಮುನಿ ಪರದೆಯ ಮೇಲೆ ಹುಬ್ಬು ಗಂಟಿಕ್ಕಿದರೆ ಸಾಕು, ಪ್ರೇಕ್ಷಕರು ಶಾಪ ಹಾಕುತ್ತಿದ್ದರು. ಅದು ಅವರ ಕಲೆ. ಶಾಲಾ ನಾಟಕಗಳಲ್ಲಿಯೂ ಮೀರ್ ಸಾದಿಕ್‌ನ ಪಾತ್ರಕ್ಕೆ ಹುಬ್ಬು ದಪ್ಪಗೆ ತೀಡಿ, ಕಣ್ಣು ಓರೆ ಮಾಡಿಸಿ ನಿಲ್ಲಿಸುತ್ತೇವೆ. ಆದರೆ ನಿಜವಾದ ದ್ರೋಹಿಯ ಮುಖ ಹಾಗಿದ್ದಿದ್ದರೆ ಯಾವ ಸುಲ್ತಾನ ತಾನೇ ಅವನಿಗೆ ದಿವಾನಗಿರಿ ಕೊಡುತ್ತಿದ್ದ?

ಇಂದು ಕ್ಯಾಮೆರಾಗಳು ಮುಖ ಗುರುತಿಸುವ ಕಾಲ. 2022ರ ಡಿಸೆಂಬರ್‌ನಿಂದ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಒಪ್ಪಿಗೆ ಕೊಟ್ಟ ಪ್ರಯಾಣಿಕರು ಡಿಜಿಯಾತ್ರೆಯ ಮೂಲಕ ಮುಖ ತೋರಿಸಿ ಒಳಹೋಗಬಹುದು. ಅದು ‘ಯಾರು’ ಎಂಬ ಪ್ರಶ್ನೆ. ಆದರೆ 2016ರಲ್ಲಿ ಚೀನಾದ ಶಾಂಘೈನ ಇಬ್ಬರು ಸಂಶೋಧಕರು ಮುಖ ನೋಡಿ ಅಪರಾಧಿಯನ್ನು ಹೇಳುವ ಕಂಪ್ಯೂಟರ್ ತಯಾರಾಗಿದೆ ಎಂದು ಬರೆದಾಗ ಲೊಂಬ್ರೊಸೊ ಮತ್ತೆ ಎದ್ದು ಬಂದಂತಾಯಿತು. ಸಾಮಾನ್ಯರ ಫೋಟೊಗಳಲ್ಲಿ ಸಣ್ಣ ನಗೆಯಿತ್ತು, ಅಪರಾಧಿಗಳ ಫೋಟೊಗಳಲ್ಲಿ ಇರಲಿಲ್ಲ. ಯಂತ್ರ ಕಂಡುಹಿಡಿದದ್ದು ಆ ನಗೆಯನ್ನಷ್ಟೇ ಎಂದು ವಿಮರ್ಶಕರು ತೋರಿಸಿದರು. ಯಂತ್ರ ಹೇಳಿದ್ದೆಲ್ಲ ಸತ್ಯ ಎಂದು ನಂಬುವ ನಮ್ಮ ಯುವಕರು ಇದನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ನಂಬಿಕೆಯ ಪರೀಕ್ಷೆ ಹೇಗೆ?

ಮುಖವನ್ನು ನಂಬಬಾರದು ಎಂದರೆ ಯಾರನ್ನೂ ನಂಬಬಾರದು ಎಂದರ್ಥವಲ್ಲ. ಹಿಂದಿನವರು ಇದಕ್ಕೆ ದಾರಿ ತೋರಿಸಿದ್ದಾರೆ. ಕೌಟಿಲ್ಯ ತನ್ನ ಅರ್ಥಶಾಸ್ತ್ರದಲ್ಲಿ ಮಂತ್ರಿಯಾಗುವವರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ವಿಧದಲ್ಲಿ ಗುಟ್ಟಾಗಿ ಪರೀಕ್ಷಿಸಬೇಕೆಂದು ಹೇಳಿದ್ದಾನೆ. ಹಣದ ಆಸೆ ತೋರಿಸಿದಾಗ, ಪ್ರಾಣಭಯ ಒಡ್ಡಿದಾಗ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೇ ಆತನ ಅಳತೆಗೋಲು.

ಹಜರತ್ ಉಮರ್ (ರ) ಅವರ ಬಳಿ ಒಬ್ಬ ಸಾಕ್ಷಿ ಹೇಳಲು ಬಂದಾಗ ಅವನನ್ನು ಬಲ್ಲವರನ್ನು ಕರೆತರಲು ಅವರು ಹೇಳಿದರು. ಇನ್ನೊಬ್ಬ ಮುಂದೆ ಬಂದು ಈತ ನನಗೆ ಗೊತ್ತು, ಒಳ್ಳೆಯವನು ಎಂದ. ಉಮರ್ ಮೂರು ಪ್ರಶ್ನೆ ಕೇಳಿದರು. ಹಗಲಿರುಳು ಇವನನ್ನು ಕಾಣುವ ನೆರೆಯವನೇ ನೀನು? ಇವನೊಡನೆ ಹಣದ ವ್ಯವಹಾರ ಮಾಡಿದ್ದೀಯಾ? ಇವನ ಜೊತೆ ಪ್ರಯಾಣ ಮಾಡಿದ್ದೀಯಾ? ಮೂರಕ್ಕೂ ಇಲ್ಲವೆಂದು ಉತ್ತರ ಬಂದಾಗ, ಹಾಗಾದರೆ ನಿನಗೆ ಇವನು ಗೊತ್ತಿಲ್ಲ ಎಂದು ಕಳಿಸಿಬಿಟ್ಟರು. ಹದೀಸ್ ಸಂಗ್ರಹಿಸಿದ ವಿದ್ವಾಂಸರೂ ಇದೇ ದಾರಿ ಹಿಡಿದರು. ವರದಿ ಮಾಡುವವನ ಸತ್ಯಸಂಧತೆ, ಜ್ಞಾಪಕಶಕ್ತಿ, ಗುರುಗಳು, ಊರು ಎಲ್ಲವನ್ನೂ ವಿಚಾರಿಸಿ ಸಾವಿರಾರು ಜನರ ಜೀವನ ವಿವರಗಳನ್ನು ಬರೆದಿಟ್ಟರು. ಆ ವಿದ್ಯೆಯಲ್ಲಿ ಮೂಗಿನ ಅಳತೆಗೆ ಸ್ಥಾನವಿಲ್ಲ. ಅಲ್ಲಾಹನು ನೋಡುವುದು ರೂಪವನ್ನಲ್ಲ, ಹೃದಯ ಮತ್ತು ಕರ್ಮಗಳನ್ನು ಎಂಬ ಪ್ರವಾದಿವರ್ಯರ (ಸ) ಬೋಧನೆಯ ಬೆಳಕಿನಲ್ಲಿ ಇದು ಸಹಜವೇ.

ಪ್ರಿಯ ವಿದ್ಯಾರ್ಥಿಗಳೇ, ಗಡ್ಡ, ಟೋಪಿ, ಬುರ್ಖಾ, ಮೈಬಣ್ಣ ಕಂಡು ನಮ್ಮ ಮೇಲೆ ಸಂಶಯದ ಕಣ್ಣು ಬಿದ್ದಾಗ ನಮಗೆ ನೋವಾಗುತ್ತದೆ. ಆ ನೋವು ನ್ಯಾಯವಾದದ್ದು. ಆದರೆ ನಾವು ಮನೆಗೆಲಸದವಳನ್ನು, ಬಿಹಾರದಿಂದ ಬಂದ ಕೂಲಿಯವನನ್ನು, ಆಫ್ರಿಕದಿಂದ ಓದಲು ಬಂದ ಹುಡುಗನನ್ನು, ನಮ್ಮದೇ ಮೊಹಲ್ಲಾದ ಬಡ ಮಗುವನ್ನು ಯಾವ ಕಣ್ಣಿನಿಂದ ನೋಡುತ್ತೇವೆ? ಹೆಣ್ಣು ನೋಡಲು ಹೋದ ಮನೆಯಲ್ಲಿ ಸೀರತ್ ಎಷ್ಟು ವಿಚಾರಿಸುತ್ತೇವೆ, ಸೂರತ್ ಎಷ್ಟು? ಶಿಕ್ಷಕ ಬಂಧುಗಳೇ, ತರಗತಿಯ ನಾಯಕನನ್ನು ಆರಿಸುವಾಗ, ಕಳೆದುಹೋದ ಪೆನ್ಸಿಲ್ ಬಾಕ್ಸ್‌ಗಾಗಿ ಮೊದಲು ಯಾರ ಚೀಲ ಹುಡುಕುವುದೆಂದು ಯೋಚಿಸುವಾಗ ನಮ್ಮ ಕಣ್ಣು ಯಾರ ಮೇಲೆ ಹೋಗುತ್ತದೆ? ಒಂದು ಮಗುವನ್ನು ಕಳ್ಳನ ಮುಖದವನು ಎಂದು ಹತ್ತು ವರ್ಷ ನೋಡಿದರೆ, ಹನ್ನೊಂದನೆಯ ವರ್ಷ ಅದು ನಮ್ಮ ಮುಖ ನೋಡುವುದನ್ನೇ ಬಿಡುತ್ತದೆ.

ಮೊದಲ ನೋಟದ ತೀರ್ಮಾನವನ್ನು ತಡೆಯುವುದು ಯಾರಿಂದಲೂ ಸಾಧ್ಯವಿಲ್ಲ. ಅದು ರೆಪ್ಪೆ ಬಡಿಯುವಷ್ಟರಲ್ಲಿ ಬಂದುಬಿಡುತ್ತದೆ. ಅದನ್ನೇ ಕೊನೆಯ ತೀರ್ಪು ಮಾಡದೆ, ನೆರೆಯಲ್ಲಿದ್ದು, ವ್ಯವಹರಿಸಿ, ಜೊತೆಯಲ್ಲಿ ನಡೆದು ನೋಡುವಷ್ಟು ಕಾಲ ಕೊಡುವುದು ನಮ್ಮ ಕೈಯಲ್ಲಿದೆ. ಕಲಿತವರು ಎನ್ನಿಸಿಕೊಂಡವರು ಇನ್ನೊಬ್ಬರಿಗೆ ಮಾಡಬಹುದಾದ ಮೊದಲ ನ್ಯಾಯ ಅದು.